ಸಾರಿ ಗಾರ್ಡ್ ಬಿಚ್ಚಿಸುವ ಮುನ್ನ

ಹೊಸ ಬೈಕು ಶೋರೂಮಿನಿಂದ ಮನೆಗೆ ಬಂದ ವಾರದಲ್ಲೇ ನಮ್ಮ ಕಡೆ ಎರಡು ಕೆಲಸ ಆಗಿಬಿಡುತ್ತವೆ. ಒಂದು, ಮುಂದೆ ದಪ್ಪನೆಯ ಲೆಗ್ ಗಾರ್ಡ್ ಹಾಕಿಸುವುದು. ಇನ್ನೊಂದು, ಹಿಂದಿನ ಚಕ್ರದ ಎಡಗಡೆ ಕಂಪನಿಯವರೇ ಕೂರಿಸಿ ಕೊಟ್ಟ ಸಾರಿ ಗಾರ್ಡನ್ನು ಬಿಚ್ಚಿಸುವುದು. ‘ಲುಕ್ ಹಾಳಾಗುತ್ತೆ’ ಅನ್ನುವುದು ಬಿಚ್ಚಿಸಲು ಕೊಡುವ ಕಾರಣ. ಬಿಚ್ಚಿದ ಗಾರ್ಡು ಗುಜರಿಗೆ ಹೋಗುತ್ತದೆ, ಇಲ್ಲವೇ ಅಟ್ಟದಲ್ಲಿ ಒಣಗಲು ಬಿಟ್ಟ ಕಾಯಿಯ ಪಕ್ಕ ಬಿದ್ದಿರುತ್ತದೆ. ಹುಡುಗನಿಗೆ ಮದುವೆ ಗೊತ್ತಾದ ಮೇಲೆ ಅದೇ ಗಾರ್ಡನ್ನು ಹುಡುಕಿ, ಧೂಳು ಒರೆಸಿ, ಮನೆಯಂಗಳದಲ್ಲೇ ಸ್ಪ್ಯಾನರ್ ಹಿಡಿದು ವಾಪಸ್ ಕೂರಿಸುವವರೂ ಉಂಟು.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಓಡಾಡುವವರಿಗೆ ಇದು ದಿನನಿತ್ಯದ ನೋಟ. ಈ ಕಬ್ಬಿಣದ ಚೌಕಟ್ಟಿಗೂ ಒಂದು ಚರಿತ್ರೆ ಇದೆ. ಬೈಕಿನ ಚರಿತ್ರೆ ಬರೆಯುವವರು ಎಂಜಿನ್ನು, ಸಿಸಿ, ಮೈಲೇಜು ಎಂದು ಬರೆಯುತ್ತಾರೆ. ಹಿಂದಿನ ಸೀಟಿನಲ್ಲಿ ಒಂದು ಕಡೆಗೆ ಕಾಲು ಇಳಿಬಿಟ್ಟು ಕೂತು ಬಂದವಳ ಕಥೆ ಅದರೊಳಗೆ ಸಿಗುವುದು ಕಡಿಮೆ. ಆ ಕಥೆ ಬೇಕಿದ್ದರೆ ಈ ಗಾರ್ಡಿನಿಂದಲೇ ಶುರು ಮಾಡಬೇಕು.

ಮೋಟಾರಿಗಿಂತ ಹಳೆಯದು

ಬಟ್ಟೆ ಮತ್ತು ಚಕ್ರದ ಜಗಳ ಮೋಟಾರ್ ಬೈಕಿಗಿಂತ ಹಳೆಯದು. 19ನೇ ಶತಮಾನದ ಕೊನೆಯಲ್ಲಿ ಯುರೋಪಿನಲ್ಲಿ ಎರಡೂ ಚಕ್ರ ಒಂದೇ ಅಳತೆಯ ‘ಸೇಫ್ಟಿ ಸೈಕಲ್’ ಬಂದಾಗ ಹೆಂಗಸರೂ ಸೈಕಲ್ ಹತ್ತಿದರು. ಅವರ ಉಡುಪು ಪಾದದವರೆಗೆ ಇಳಿಬೀಳುವ ಲಂಗ. ಅದು ಚೈನಿಗೂ ಕಡ್ಡಿಗೂ ಸಿಕ್ಕಿಕೊಳ್ಳುತ್ತಿತ್ತು. ಅದಕ್ಕೆ ಸೈಕಲ್ ತಯಾರಕರು ಕಂಡುಕೊಂಡ ಉಪಾಯ ಸರಳ. ಹಿಂದಿನ ಮಡ್‌ಗಾರ್ಡಿನ ಅಂಚಿನಲ್ಲಿ ಸಾಲಾಗಿ ತೂತು ಕೊರೆದು, ಅಲ್ಲಿಂದ ಚಕ್ರದ ನಡುವಿನ ಹಬ್‌ವರೆಗೆ ದಾರ ಎಳೆದು, ಬೀಸಣಿಗೆಯ ಆಕಾರದಲ್ಲಿ ಬಲೆ ಕಟ್ಟಿದರು. ಚೈನಿಗೆ ಮುಚ್ಚಳ ಹಾಕಿದರು. ನೆದರ್ಲೆಂಡ್ಸಿನ ಸೈಕಲ್‌ಗಳಲ್ಲಿ ಈಗಲೂ ಹಿಂದಿನ ಚಕ್ರಕ್ಕೆ ಇಂಥ ಹೊದಿಕೆ ಕಾಣುತ್ತದೆ. ನಮ್ಮ ಸಾರಿ ಗಾರ್ಡಿನ ಹಿರೀಕ ಈ ದಾರದ ಬಲೆ.

ಬಟ್ಟೆ ಚಕ್ರಕ್ಕೆ ಸಿಕ್ಕರೆ ಏನಾಗುತ್ತದೆ ಎನ್ನುವುದು ಜಗತ್ತಿಗೆಲ್ಲ ಗೊತ್ತಾದದ್ದು 1927ರ ಸೆಪ್ಟೆಂಬರ್ 14ರಂದು. ಪ್ರಸಿದ್ಧ ನರ್ತಕಿ ಇಸಡೋರಾ ಡಂಕನ್ ಫ್ರಾನ್ಸಿನ ನೀಸ್ ನಗರದಲ್ಲಿ ತೆರೆದ ಕಾರಿನಲ್ಲಿ ಹೊರಟಿದ್ದರು. ಕೊರಳಿಗೆ ಸುತ್ತಿದ್ದ ಉದ್ದನೆಯ ರೇಷ್ಮೆ ಶಲ್ಯ ಹಿಂದಿನ ಚಕ್ರಕ್ಕೆ ಸಿಕ್ಕಿತು. ಅವರು ಬದುಕಲಿಲ್ಲ. ಬಟ್ಟೆ ಚಕ್ರಕ್ಕೆ ಸಿಕ್ಕಿ ಕುತ್ತಿಗೆಗೆ ಆಗುವ ಪೆಟ್ಟಿಗೆ ವೈದ್ಯರು ಇಂದಿಗೂ ‘ಇಸಡೋರಾ ಡಂಕನ್ ಸಿಂಡ್ರೋಮ್’ ಎಂಬ ಹೆಸರು ಬಳಸುತ್ತಾರೆ. ನಮ್ಮ ದೇಶದ ವೈದ್ಯರು ದುಪ್ಪಟ್ಟಾ ಸಿಕ್ಕಿಕೊಂಡ ಪ್ರಕರಣಗಳನ್ನು ಬರೆಯುವಾಗಲೂ ಈ ಹೆಸರು ಬರುತ್ತದೆ.

ಸ್ಕೂಟರ್ ಪೇಟೆಗೆ, ಬೈಕು ತೋಟಕ್ಕೆ

ಎರಡನೇ ಮಹಾಯುದ್ಧ ಮುಗಿದ ಮೇಲೆ 1946ರಲ್ಲಿ ಇಟಲಿಯಲ್ಲಿ ವೆಸ್ಪಾ ಸ್ಕೂಟರ್ ಬಂತು. ಅದನ್ನು ರೂಪಿಸಿದ ಕೊರ್ರಾದಿನೊ ದಾಸ್ಕಾನಿಯೊ ವಿಮಾನ ಎಂಜಿನಿಯರ್. ಮೋಟಾರ್ ಬೈಕು ಆತನಿಗೆ ಇಷ್ಟವಿರಲಿಲ್ಲ. ಎಣ್ಣೆ ಸಿಡಿಯಬಾರದು, ಬಟ್ಟೆ ಕೊಳೆಯಾಗಬಾರದು, ಲಂಗ ತೊಟ್ಟವರೂ ಹತ್ತಲು ಆಗಬೇಕು ಎಂದು ಎಂಜಿನ್ನು, ಹಿಂದಿನ ಚಕ್ರ ಎರಡನ್ನೂ ತಗಡಿನ ಒಳಗೆ ಅಡಗಿಸಿದ. 1960ರ ದಶಕದಲ್ಲಿ ಬಜಾಜ್ ಅದೇ ವಿನ್ಯಾಸವನ್ನು ನಮ್ಮ ದೇಶದಲ್ಲಿ ತಯಾರಿಸಿತು, 1972ರಲ್ಲಿ ಚೇತಕ್ ಬಂತು. ಮೇಷ್ಟರು, ಬ್ಯಾಂಕಿನವರು, ಎಲ್‌ಐಸಿಯವರು ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು, ಮಗುವನ್ನು ಮುಂದೆ ನಿಲ್ಲಿಸಿಕೊಂಡು ಹೋಗುವ ಚಿತ್ರ ಆ ಕಾಲದ್ದು. ಸ್ಕೂಟರಿನ ಮೈಯೇ ಒಂದು ಗಾರ್ಡ್. ಬೇರೆ ಹಾಕಿಸುವ ಅಗತ್ಯ ಇರಲಿಲ್ಲ.

ಆದರೆ ಸ್ಕೂಟರಿನ ಚಕ್ರ ಚಿಕ್ಕದು, 10 ಇಂಚು. ಪೇಟೆಯ ಟಾರು ರಸ್ತೆಗೆ ಅದು ಸಾಕು. ತೋಟದ ಮನೆಗೆ ಹೋಗುವ ದಾರಿ ಬೇರೆ ಥರ: ಮಧ್ಯೆ ಒಂದು ಹಳ್ಳ, ಆಮೇಲೆ ಮರಳು, ಆಮೇಲೆ ಬದುವಿನ ಮೇಲಿನ ಕಾಲುಹಾದಿ, ಅಲ್ಲಲ್ಲಿ ಬಿದ್ದ ತೆಂಗಿನ ಗರಿ. ಅಲ್ಲಿಗೆ ದೊಡ್ಡ ಚಕ್ರದ ಗಾಡಿಯೇ ಬೇಕು. ಹಾಗಾಗಿ ತೆಂಗಿನ ಸೀಮೆಯ ಹಳ್ಳಿಗಳು ಬೈಕನ್ನು ಆರಿಸಿಕೊಂಡವು. ದೊಡ್ಡ ಚಕ್ರದ ಜೊತೆ ತೆರೆದ ಕಡ್ಡಿಗಳೂ ಬಂದವು.

ಆಗಿನ ಮುಖ್ಯ ಬೈಕುಗಳಲ್ಲಿ ಎರಡು ಹೆಸರು ಹೇಳಬೇಕು. ಒಂದು, 1955ರಲ್ಲಿ ಮದ್ರಾಸಿನಲ್ಲಿ ಶುರುವಾದ ಎನ್‌ಫೀಲ್ಡ್ ಇಂಡಿಯಾದ ಬುಲೆಟ್. ಇನ್ನೊಂದು ನಮ್ಮದೇ ರಾಜ್ಯದ್ದು. ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಂಪನಿ 1960ರ ದಶಕದ ಆರಂಭದಿಂದ ಜಾವಾ ಬೈಕು ತಯಾರಿಸಿತು. 1973ರಿಂದ ಅದರ ಹೆಸರು ಯೆಜ್ಡಿ ಆಯಿತು. 1996ರಲ್ಲಿ ಕಾರ್ಖಾನೆ ನಿಂತಿತು. ಹಿಂದೆ ಕೂರುವವಳ ಕಣ್ಣಿನಿಂದ ಈ ಗಾಡಿಯನ್ನು ನೋಡಿದರೆ ಎರಡು ವಿಷಯ ಕಾಣುತ್ತವೆ. ಚೈನು ಪೂರ್ತಿ ಮುಚ್ಚಿದ್ದರಿಂದ ಬಟ್ಟೆ ಚೈನಿಗೆ ಸಿಗುವ ಭಯ ಕಡಿಮೆ. ಆದರೆ ಸೈಲೆನ್ಸರ್ ಎರಡೂ ಬದಿಗೆ. ನಮ್ಮಲ್ಲಿ ರಸ್ತೆಯ ಎಡಗಡೆ ಗಾಡಿ ಓಡುತ್ತದೆ, ಹಾಗಾಗಿ ಹತ್ತಿ ಇಳಿಯಲು ಸುಲಭವಾಗುವಂತೆ ಸೀರೆಯುಟ್ಟವರು ಎಡಕ್ಕೇ ಕಾಲು ಹಾಕಿ ಕೂರುತ್ತಾರೆ. ಕಾಲಿನ ಪಕ್ಕದಲ್ಲೇ ಬಿಸಿ ಕೊಳವೆ, ಅದರ ಹಿಂದೆ ತಿರುಗುವ ಕಡ್ಡಿಗಳು. ಬೇರೆ ಅನೇಕ ಬೈಕುಗಳಲ್ಲಿ ಸೈಲೆನ್ಸರ್ ಬಲಗಡೆ ಮಾತ್ರ ಇರುವುದರಿಂದ ಆ ಒಂದು ತೊಂದರೆ ತಪ್ಪಿತು. ಕಡ್ಡಿಗಳ ತೊಂದರೆ ಉಳಿಯಿತು.

ಅದೇ ಕಾಲದಲ್ಲಿ ಸೀರೆಯೂ ಬದಲಾಯಿತು. ಹತ್ತಿಯ ಜಾಗಕ್ಕೆ ನೈಲೆಕ್ಸ್, ಆಮೇಲೆ ಪಾಲಿಯೆಸ್ಟರ್ ಬಂತು. ತೊಳೆಯಲು ಸುಲಭ, ಬೇಗ ಒಣಗುತ್ತದೆ, ಬಾಳಿಕೆ ಜಾಸ್ತಿ. ಹಳೆಯ ಹತ್ತಿ ಸೀರೆ ಚಕ್ರಕ್ಕೆ ಸಿಕ್ಕರೆ ಹರಿದು ಹೋಗುವ ಸಾಧ್ಯತೆಯಾದರೂ ಇತ್ತು. ಪಾಲಿಯೆಸ್ಟರ್ ಸೀರೆ ಸುತ್ತಿಕೊಂಡು ಹಗ್ಗದ ಹಾಗೆ ಆಗುತ್ತದೆ. ಅದು ಸುಲಭಕ್ಕೆ ಹರಿಯುವುದಿಲ್ಲ, ಉಟ್ಟವಳನ್ನೇ ಎಳೆಯುತ್ತದೆ.

ಹಳ್ಳಿಯ ಹೆಂಗಸರು ಹಿಂದಿನ ಸೀಟಿಗೆ ಬಂದ ಕಾಲ

1980ರಲ್ಲಿ ಹೊಸೂರಿನಿಂದ ಟಿವಿಎಸ್ 50 ಬಂತು. ಇಬ್ಬರು ಕೂರಬಹುದಾದ ಮೊಪೆಡ್. ಇವತ್ತಿಗೂ ನಮ್ಮ ಸೀಮೆಯಲ್ಲಿ ಎಳನೀರಿನ ಗೊನೆ, ಹಿಂಡಿ ಮೂಟೆ, ಹಾಲಿನ ಕ್ಯಾನು ಎಲ್ಲ ಹೊರುವುದು ಅದೇ ವಂಶದ ಎಕ್ಸ್‌ಎಲ್. 1985ರಲ್ಲಿ ಹೀರೋ ಹೋಂಡಾ ಸಿಡಿ 100 ಬಂತು. ಪೆಟ್ರೋಲಿಗೆ ಆಯಿಲ್ ಬೆರೆಸುವ ಕೆಲಸ ಇಲ್ಲ, ಮೈಲೇಜು ಜಾಸ್ತಿ. ಅಲ್ಲಿಯವರೆಗೆ ಸಾಹುಕಾರರ ಮನೆಯಲ್ಲೋ ಡಾಕ್ಟರ ಬಳಿಯೋ ಇರುತ್ತಿದ್ದ ಬೈಕು ಕೊಬ್ಬರಿ ಮಾರಿದ ದುಡ್ಡಿನಲ್ಲಿ ಸಾಧಾರಣ ರೈತನ ಮನೆಗೂ ಬರತೊಡಗಿತು. 1994ರಲ್ಲಿ ಬಂದ ಸ್ಪ್ಲೆಂಡರ್ ಅದನ್ನು ಪೂರ್ತಿಗೊಳಿಸಿತು.

ಇದೇ ವರ್ಷಗಳಲ್ಲಿ ಹಳ್ಳಿಯ ಹೆಂಗಸರು ಮನೆಯಿಂದ ಹೊರಗೆ ಹೋಗಬೇಕಾದ ಕಾರಣಗಳೂ ಹೆಚ್ಚಿದವು. 1987ರ ಮಂಡಲ ಪಂಚಾಯ್ತಿ ಚುನಾವಣೆಯಲ್ಲಿ ಕರ್ನಾಟಕ ಮಹಿಳೆಯರಿಗೆ ಶೇ 25ರಷ್ಟು ಸ್ಥಾನ ಮೀಸಲಿಟ್ಟಿತ್ತು. ಗೆದ್ದ ಮೆಂಬರಮ್ಮ ಸಭೆಗೆ ಹೋಗಬೇಕಿತ್ತು. 2000–01ರಲ್ಲಿ ಸ್ತ್ರೀಶಕ್ತಿ ಸಂಘಗಳು ಬಂದವು, ಬ್ಯಾಂಕು, ತಾಲ್ಲೂಕು ಕಚೇರಿ ಎಂದು ಓಡಾಟ ಶುರುವಾಯಿತು. 2005ರ ಆರೋಗ್ಯ ಅಭಿಯಾನದಿಂದ ಆಶಾ ಕಾರ್ಯಕರ್ತೆಯರು ಬಂದರು. ಅವರ ಸಮವಸ್ತ್ರ ಗುಲಾಬಿ ಸೀರೆ. ಬೆಳಿಗ್ಗೆ ಗಂಡನೋ ಮಗನೋ ಬೈಕಿನಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬಿಟ್ಟು ಬರುವುದನ್ನು ಯಾವ ಊರಿನಲ್ಲಾದರೂ ನೋಡಬಹುದು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಸರ್ಕಾರಿ ಬಸ್ಸು ಹೆಂಗಸರಿಗೆ ಉಚಿತವಾಯಿತು, ನಿಜ. ಆದರೆ ತೋಟದ ಮನೆಯಿಂದ ಬಸ್ಸು ನಿಲ್ಲುವ ಕೆ.ಬಿ. ಕ್ರಾಸ್‌ವರೆಗೋ ಹುಳಿಯಾರಿನವರೆಗೋ ಹೋಗಲು ಮತ್ತೆ ಬೈಕೇ ಗತಿ. ದಸರಿಘಟ್ಟದ ಚೌಡೇಶ್ವರಿಗೆ ಹರಕೆ ಹೊತ್ತವರು, ತವರಿಗೆ ಹೊರಟವರು, ಮಗುವಿಗೆ ಜ್ವರ ಬಂದು ರಾತ್ರಿ ಆಸ್ಪತ್ರೆಗೆ ಓಡುವವರು, ಎಲ್ಲರೂ ಕೂರುವುದು ಅದೇ ಸೀಟಿನ ಮೇಲೆ.

1989ರ ನಿಯಮ

1988ರ ಮೋಟಾರು ವಾಹನ ಕಾಯ್ದೆ 1989ರ ಜುಲೈ 1ರಿಂದ ಜಾರಿಗೆ ಬಂತು. ಅದರ ಜೊತೆಗೇ ಬಂದ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 123ನೇ ನಿಯಮ ನಮ್ಮ ಕಥೆಯ ನಡುಮನೆ. ಹಿಂದೆ ಒಬ್ಬರು ಕೂರಲು ಅವಕಾಶವಿರುವ ಪ್ರತಿ ಬೈಕಿನಲ್ಲಿ ಮೂರು ವಸ್ತು ಇರಬೇಕು ಎನ್ನುತ್ತದೆ ಅದು. ಕೈಯಲ್ಲಿ ಹಿಡಿದುಕೊಳ್ಳಲು ಗಟ್ಟಿಯಾದ ಹಿಡಿ, ಕಾಲಿಡಲು ಜಾಗ, ಮತ್ತು ಹಿಂದೆ ಕೂತವರ ಬಟ್ಟೆ ಚಕ್ರಕ್ಕೆ ಸಿಗದಂತೆ ಹಿಂದಿನ ಚಕ್ರದ ಅರ್ಧಕ್ಕಿಂತ ಕಡಿಮೆಯಿಲ್ಲದಷ್ಟು ಭಾಗ ಮುಚ್ಚುವ ರಕ್ಷಣೆ.

ಗಮನಿಸಿ, ನಿಯಮದಲ್ಲಿ ‘ಸೀರೆ’ ಎಂಬ ಪದವೇ ಇಲ್ಲ. ‘ಹೆಂಗಸು’ ಎಂದೂ ಇಲ್ಲ. ಇರುವುದು ಹಿಂದೆ ಕೂತ ವ್ಯಕ್ತಿ ಮತ್ತು ಬಟ್ಟೆ, ಅಷ್ಟೇ. ಸಾರಿ ಗಾರ್ಡ್ ಎಂಬ ಹೆಸರು ಕೊಟ್ಟವರು ಅಂಗಡಿಯವರು ಮತ್ತು ಬಳಸುವವರು. ಆ ಹೆಸರಿನಿಂದ ಒಂದು ನಷ್ಟವೂ ಆಯಿತು. ‘ನಮ್ಮನೇಲಿ ಎಲ್ಲರೂ ಚೂಡಿದಾರ್ ಹಾಕ್ತಾರೆ, ಇದು ಯಾಕೆ?’ ಎಂದು ಬಿಚ್ಚಿಸಲು ಅದೇ ಹೆಸರು ನೆಪವಾಯಿತು. ದುಪ್ಪಟ್ಟಾ ಸೆರಗಿಗಿಂತ ಹಗುರ, ಗಾಳಿಗೆ ಇನ್ನೂ ಬೇಗ ಹಾರುತ್ತದೆ. ಬುರ್ಖಾ ಇದೆ, ಜಾತ್ರೆಗೆ ಹೊರಟ ತಾತನ ಪಂಚೆ ಇದೆ, ಹೆಗಲ ಮೇಲಿನ ಟವಲ್ ಇದೆ. ಹಿಂದೆ ಕೂತ ಚಿಕ್ಕ ಮಕ್ಕಳ ಕಾಲು ಕಡ್ಡಿಗಳ ನಡುವೆ ಸಿಕ್ಕಿ ಹಿಮ್ಮಡಿ ಕಿತ್ತುಬರುವುದು ಮೂಳೆ ಡಾಕ್ಟರಿಗೆ ಚೆನ್ನಾಗಿ ಗೊತ್ತಿರುವ ಗಾಯ. ಇಷ್ಟಕ್ಕೂ ತಡೆ ಅದೇ ಒಂದು ಜಾಲರಿ.

ಅನೇಕ ಸಾಧಾರಣ ಬೈಕುಗಳಲ್ಲಿ ಎಡಗಡೆ ಎರಡೂ ಕಾಲಿಡುವ ಅಗಲದ ಪಟ್ಟಿ, ಅಂದರೆ ಲೇಡೀಸ್ ಫುಟ್‌ರೆಸ್ಟ್, ಇದೇ ಗಾರ್ಡಿಗೆ ಅಂಟಿಕೊಂಡಿರುತ್ತದೆ. ಗಾರ್ಡ್ ಬಿಚ್ಚಿದರೆ ಅದೂ ಹೋಯಿತು. ಆಮೇಲೆ ಒಂದು ಕಾಲು ಸಣ್ಣ ಪೆಡಲ್ ಮೇಲೆ, ಇನ್ನೊಂದು ಗಾಳಿಯಲ್ಲಿ. ಹಂಪ್ ಬಂದಾಗ ಹಿಡಿದುಕೊಳ್ಳಲು ಉಳಿಯುವುದು ಗಂಡನ ಹೆಗಲು ಮಾತ್ರ.

ಅರ್ಧ ಸೆಕೆಂಡಿನ ಲೆಕ್ಕ

‘ಸೆರಗು ಸಿಕ್ಕರೆ ತಕ್ಷಣ ನಿಲ್ಲಿಸಿದರಾಯ್ತು’ ಎನ್ನುವವರಿಗೆ ಒಂದು ಲೆಕ್ಕ. ಸಾಮಾನ್ಯ ಬೈಕಿನ ಹಿಂದಿನ ಚಕ್ರದ ಸುತ್ತಳತೆ ಸುಮಾರು 1.9 ಮೀಟರ್. ಗಂಟೆಗೆ 40 ಕಿ.ಮೀ. ಎಂದರೆ ಸೆಕೆಂಡಿಗೆ 11 ಮೀಟರ್. ಅಂದರೆ ಚಕ್ರ ಒಂದು ಸೆಕೆಂಡಿನಲ್ಲಿ ಸುಮಾರು 6 ಸುತ್ತು ಹೊಡೆಯುತ್ತದೆ. ಸೆರಗು 15 ಸೆಂ.ಮೀ. ಅಡ್ಡಳತೆಯ ಹಬ್ಬಿಗೆ ಸುತ್ತಿಕೊಂಡಿತು ಎಂದಿಟ್ಟುಕೊಳ್ಳೋಣ. ಒಂದು ಸುತ್ತಿಗೆ ಹೆಚ್ಚುಕಡಿಮೆ 47 ಸೆಂ.ಮೀ. ಬಟ್ಟೆ ಒಳಗೆ ಹೋಗುತ್ತದೆ, ಸೆಕೆಂಡಿಗೆ ಎರಡೂಮುಕ್ಕಾಲು ಮೀಟರ್. ಭುಜದಿಂದ ಇಳಿಬಿದ್ದ ಒಂದು ಮೀಟರ್ ಸೆರಗು ಮುಗಿಯಲು ಅರ್ಧ ಸೆಕೆಂಡೂ ಬೇಡ. ಅಷ್ಟರೊಳಗೆ ಹಿಂದೆ ಕೂತವಳು ಕೂಗಬೇಕು, ಮುಂದಿನವನಿಗೆ ಹೆಲ್ಮೆಟ್ಟಿನೊಳಗೆ ಕೇಳಿಸಬೇಕು, ಅವನು ಬ್ರೇಕ್ ಹಿಡಿಯಬೇಕು. ಆಗುವ ಮಾತಲ್ಲ. ಸೆರಗಿಗೆ ಪಿನ್ ಹಾಕಿದ್ದರೆ ಅದು ಭುಜದಿಂದ ಜಾರಿ ಹೋಗುವುದೂ ಇಲ್ಲ, ಆಕೆಯನ್ನೇ ಹಿಂದಕ್ಕೆ ಎಳೆಯುತ್ತದೆ. ತಲೆ ಮೊದಲು ರಸ್ತೆಗೆ ಬೀಳುತ್ತದೆ.

ತಾಲ್ಲೂಕಿನಿಂದ ಸುದ್ದಿ ಕಳಿಸುವ ನಮ್ಮಂಥವರಿಗೆ ಇಂಥ ಸಾವುಗಳ ಒಕ್ಕಣೆ ಗೊತ್ತು. ಬೈಕಿನ ಹಿಂಬದಿ ಕುಳಿತಿದ್ದ ಮಹಿಳೆ ಆಯತಪ್ಪಿ ಬಿದ್ದು ಮೃತಪಟ್ಟಿದ್ದಾರೆ, ಪ್ರಕರಣ ದಾಖಲಾಗಿದೆ. ಮೂರು ಸಾಲು, ಮುಗಿಯಿತು. ‘ಆಯತಪ್ಪಿ’ ಎಂಬ ಪದ ಇಡೀ ಹೊಣೆಯನ್ನು ಸತ್ತವಳ ಮೇಲೆ ಹಾಕುತ್ತದೆ. ಆ ಬೈಕಿಗೆ ಗಾರ್ಡ್ ಇತ್ತೇ ಎಂಬ ಪ್ರಶ್ನೆ ಆ ಮೂರು ಸಾಲಿನಲ್ಲಿ ಬರುವುದಿಲ್ಲ.

ಯಾರ ಗಾರ್ಡ್ ಉಳಿಯುತ್ತದೆ

ಲೆಗ್ ಗಾರ್ಡ್ ಮತ್ತು ಸಾರಿ ಗಾರ್ಡ್ ಎರಡೂ ಕಬ್ಬಿಣವೇ. ಎರಡೂ ತೂಕ ಹೆಚ್ಚಿಸುತ್ತವೆ, ಎರಡೂ ತುಕ್ಕು ಹಿಡಿಯುತ್ತವೆ. ಆದರೂ ಒಂದನ್ನು ದುಡ್ಡು ಕೊಟ್ಟು ಹಾಕಿಸುತ್ತೇವೆ, ಇನ್ನೊಂದನ್ನು ಪುಕ್ಕಟೆ ಬಂದರೂ ಬಿಚ್ಚಿಸುತ್ತೇವೆ. ಲೆಗ್ ಗಾರ್ಡ್ ಓಡಿಸುವವನ ಕಾಲನ್ನೂ ಅವನ ಗಾಡಿಯ ಟ್ಯಾಂಕನ್ನೂ ಕಾಯುತ್ತದೆ. ಸಾರಿ ಗಾರ್ಡ್ ಕಾಯುವುದು ಆರ್‌ಸಿ ಪುಸ್ತಕದಲ್ಲಿ ಹೆಸರಿಲ್ಲದವಳನ್ನು. ಅದನ್ನು ಬಿಚ್ಚಿಸಬೇಕೇ ಬೇಡವೇ ಎಂದು ಯಾರೂ ಆಕೆಯನ್ನು ಕೇಳುವುದಿಲ್ಲ.

ಜಾಹೀರಾತಿನ ಪಾಲೂ ಇದೆ. ವಿದೇಶಕ್ಕೆ ಹೋಗುವ ಅನೇಕ ಬೈಕುಗಳಲ್ಲಿ ಈ ಗಾರ್ಡ್ ಇರುವುದಿಲ್ಲ, ಅಂಥ ಕಡೆ ಹಿಂದೆ ಕೂರುವವರು ಸಾಮಾನ್ಯವಾಗಿ ಎರಡೂ ಕಡೆ ಕಾಲು ಹಾಕಿ ಕೂರುತ್ತಾರೆ. ಮೊಬೈಲಿನಲ್ಲಿ ನೋಡುವ ಚಿತ್ರ ಆ ಬೈಕಿನದು. ಅದೇ ಥರ ಕಾಣಬೇಕು ಎಂಬ ಆಸೆಗೆ ಮೊದಲ ಬಲಿ ಈ ಜಾಲರಿ. ಇತ್ತೀಚೆಗೆ ಹೆಂಗಸರೇ ಸ್ಕೂಟಿ, ಆಕ್ಟಿವಾ ಓಡಿಸುವುದು ಹೆಚ್ಚಿದೆ, ಅದು ಒಳ್ಳೆಯದೇ. ಆದರೆ ಹಳ್ಳಿ ಮನೆಯಲ್ಲಿ ಇನ್ನೂ ಇರುವುದು ಒಂದೇ ಗಾಡಿ, ಅದು ಬೈಕು.

ಮನೆಯಲ್ಲೇ ಹಾಕುವವರಿಗೆ

ಇದಕ್ಕೆ ಗ್ಯಾರೇಜೇ ಬೇಕೆಂದಿಲ್ಲ. ಒಂದು ಸ್ಪ್ಯಾನರ್ ಸೆಟ್ಟು, ಅರ್ಧ ಗಂಟೆ ಪುರುಸೊತ್ತು ಸಾಕು. ಹಳೆಯದು ಸಿಕ್ಕಿದರೆ ಅದನ್ನೇ ಹಾಕಿ, ಇಲ್ಲವಾದರೆ ನಿಮ್ಮ ಮಾಡೆಲ್ಲಿನದ್ದೇ ಕೇಳಿ ತನ್ನಿ. ‘ಎಲ್ಲದಕ್ಕೂ ಆಗುತ್ತೆ’ ಎಂದು ಕೊಡುವುದು ಬೇಡ. ತರುವಾಗ ಚಕ್ರದ ಅರ್ಧ ಭಾಗವಾದರೂ ಮುಚ್ಚುತ್ತದೆಯೇ ನೋಡಿ. ಬರೀ ಒಂದು ಬಗ್ಗಿಸಿದ ಕೊಳವೆ ಇದ್ದರೆ ಅದು ಅಲಂಕಾರ ಮಾತ್ರ.

ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ಸೆಂಟರ್ ಸ್ಟ್ಯಾಂಡ್ ಹಾಕಿ ನಿಲ್ಲಿಸಿ. ಮೊದಲು ಎಲ್ಲ ಬೋಲ್ಟುಗಳನ್ನೂ ಕೈಯಲ್ಲೇ ಸಡಿಲವಾಗಿ ಕೂರಿಸಿ, ಗಾರ್ಡ್ ನೇರ ಇದೆಯೇ ನೋಡಿ, ಆಮೇಲೆ ಒಂದೊಂದಾಗಿ ಬಿಗಿ ಮಾಡಿ. ಒಂದನ್ನು ಪೂರ್ತಿ ಬಿಗಿ ಮಾಡಿ ಇನ್ನೊಂದನ್ನು ಎಳೆದು ಕೂರಿಸಿದರೆ ಗಾರ್ಡು ವಾಲುತ್ತದೆ. ಸ್ಪ್ರಿಂಗ್ ವಾಷರ್ ಬಿಡಬೇಡಿ. ಇಂಡಿಕೇಟರಿನ ವೈರು ಕೊಳವೆಯ ಅಡಿಗೆ ಸಿಕ್ಕದಂತೆ ನೋಡಿ. ವೆಲ್ಡಿಂಗ್ ಶಾಪಿನಲ್ಲಿ ಮಾಡಿಸಿದ ಗಾರ್ಡ್ ಆದರೆ ಅದರ ಎಲ್ಲ ಕಾಲುಗಳೂ ಗಾಡಿಯ ಫ್ರೇಮಿಗೇ ಕೂರಬೇಕು. ಒಂದು ಕಾಲು ಫ್ರೇಮಿಗೆ, ಇನ್ನೊಂದು ಚಕ್ರದ ಜೊತೆ ಮೇಲೆ ಕೆಳಗೆ ಆಡುವ ಫೋರ್ಕಿಗೆ ಹಾಕಿದರೆ ನಾಲ್ಕು ಹಳ್ಳ ಇಳಿಯುವಷ್ಟರಲ್ಲಿ ಬೋಲ್ಟು ತುಂಡಾಗಬಹುದು. ತುಂಡಾದ ಗಾರ್ಡ್ ಚಕ್ರದೊಳಗೆ ಹೋದರೆ ಗಾರ್ಡ್ ಇಲ್ಲದ್ದಕ್ಕಿಂತ ಅಪಾಯ.

ಬಿಗಿ ಮಾಡಿದ ಮೇಲೆ ಚಕ್ರವನ್ನು ಕೈಯಲ್ಲಿ ತಿರುಗಿಸಿ ನೋಡಿ. ಎಲ್ಲೂ ತಾಗಬಾರದು. ಆಮೇಲೆ ಇಬ್ಬರು ಗಾಡಿಯ ಮೇಲೆ ಕೂತು ಎರಡು ಸಲ ಜೋರಾಗಿ ಅದುಮಿ, ಮತ್ತೆ ನೋಡಿ. ನಾಲ್ಕೈದು ದಿನ ಓಡಿಸಿದ ಮೇಲೆ ಬೋಲ್ಟುಗಳನ್ನು ಇನ್ನೊಮ್ಮೆ ಬಿಗಿ ಮಾಡಿ. ಚೈನು ಟೈಟು ಮಾಡಿಸಿದಾಗ ಚಕ್ರ ಸ್ವಲ್ಪ ಹಿಂದಕ್ಕೆ ಹೋಗುತ್ತದೆ, ಆಗಲೂ ಒಮ್ಮೆ ನೋಡಿ. ಕೊನೆಗೆ ಹಿಂದೆ ಕೂರುವವರನ್ನೇ ಕೂರಿಸಿ, ಕಾಲು ಎಲ್ಲಿಗೆ ಬರುತ್ತದೆ, ಸೆರಗು ಎಲ್ಲಿ ಇಳಿಯುತ್ತದೆ ಕೇಳಿ. ಗಾರ್ಡ್ ಇದ್ದರೂ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುವುದು, ದುಪ್ಪಟ್ಟಾ ಮುಂದೆ ಗಂಟು ಹಾಕಿಕೊಳ್ಳುವುದು, ಹಿಂದಿನವರೂ ಹೆಲ್ಮೆಟ್ ಹಾಕುವುದು ತಪ್ಪಬಾರದು. ಇದು ಅರ್ಧ ಚಕ್ರವನ್ನು ಮುಚ್ಚುತ್ತದೆ, ಉಳಿದರ್ಧ ತೆರೆದೇ ಇರುತ್ತದೆ.

ನಮ್ಮ ಜೊತೆಗಾರ ವರದಿಗಾರರಿಗೂ ಒಂದು ಮಾತು. ಮುಂದಿನ ಸಲ ಠಾಣೆಯಿಂದ ‘ಬೈಕಿನಿಂದ ಬಿದ್ದು ಮಹಿಳೆ ಸಾವು’ ಎಂಬ ಮಾಹಿತಿ ಬಂದಾಗ, ಗಾಡಿ ಠಾಣೆಯ ಮುಂದೆಯೇ ನಿಂತಿರುತ್ತದೆ. ಹಿಂದಿನ ಚಕ್ರದ ಎಡಗಡೆ ಹೋಗಿ ನೋಡಿ. ಗಾರ್ಡ್ ಇದೆಯೋ ಇಲ್ಲವೋ ಎಂಬುದನ್ನು ನಾಲ್ಕನೇ ಸಾಲಾಗಿ ಬರೆಯಿರಿ.